ಜೋಡಿ ಪ್ರೊಸೆಸರಿನ ಗಣಕವೂ ಅರಿಸಮಾಸವೂ

ಹಗಲು ವರ್ಕ್‌ಸ್ಟೇಷನ್, ಇರುಳು ಆಟದ ಯಂತ್ರ. ಒಂದೇ ಪೆಟ್ಟಿಗೆಯೊಳಗೆ ಎರಡು ಪ್ರೊಸೆಸರು. ಎಂಜಿನಿಯರಿಂಗ್ ಸೇರಿದ ತರುಣನಿಗೆ ಇದಕ್ಕಿಂತ ಆಕರ್ಷಕವಾದ ಕನಸು ಬೇರೊಂದಿರಲಾರದು. ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳು ಈ ಕನಸಿನ ದಾರಿಯ ಮೇಲೆಯೇ ಇವೆ. 44ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಬಡಗಣಕ್ಕೆ ಹೋದರೆ ಬೆಂಗಳೂರಿನ ಎಸ್.ಪಿ. ರಸ್ತೆ, ಮೂಡಣಕ್ಕೆ ಹೋದರೆ ಚೆನ್ನೈನ ರಿಚ್ಚಿ ಸ್ಟ್ರೀಟ್. ದೊಡ್ಡ ಸಂಸ್ಥೆಗಳು ಹಳತೆಂದು ಕಳಚಿದ ಸರ್ವರುಗಳ ಬಿಡಿಭಾಗಗಳು ಇಂಥ ಬೀದಿಗಳಲ್ಲಿ ಅಗ್ಗದ ಬೆಲೆಗೆ ದೊರೆಯುತ್ತವೆ. ಹದಿನಾರು ಕೋರು, ಮೂವತ್ತೆರಡು ಎಳೆ ಎಂಬ ಅಂಕಿಗಳನ್ನು ಕೇಳಿದವನ ಮನಸ್ಸು ಅಲ್ಲಿಗೇ ಮಾರುಹೋಗುತ್ತದೆ. ಆದರೆ ಹಣ ಬರುವುದು ಎಲ್ಲಿಂದ? ಸೇಲಂನ ಕನ್ನಡ ಮಾತಿನ ದೇವಾಂಗ ಮನೆಗಳಲ್ಲಿ ಅದು ಬಹುಮಟ್ಟಿಗೆ ಮಗ್ಗದಿಂದ ಬರುತ್ತದೆ, ಅಥವಾ ಮಗ್ಗದ ಮೇಲೆ ಎತ್ತಿದ ಸಾಲದಿಂದ ಬರುತ್ತದೆ. ಬೆಂಗಳೂರಿನ ಸಿರಿವಂತನಿಗೆ ತಪ್ಪು ಆಯ್ಕೆ ಒಂದು ತಿಂಗಳ ಬೇಸರ. ನೇಕಾರನ ಮನೆಗೆ ಅದು ವರ್ಷದ ಸಂಕಟ.

ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅರಿಸಮಾಸವನ್ನು ಕುರಿತು ಎಚ್ಚರಿಸಿದ್ದು ಹದಿಮೂರನೆಯ ಶತಮಾನದಲ್ಲಿ. ಸಂಸ್ಕೃತದ ಪದವೂ ನಿರ್ದೋಷಿ, ಕನ್ನಡದ ಪದವೂ ನಿರ್ದೋಷಿ. ಎರಡನ್ನೂ ತಂದು ಸಮಾಸ ಮಾಡಿದರೆ ಮಾತ್ರ ಹಗೆ ಹುಟ್ಟುತ್ತದೆ. ಗಣಕದ ಬಿಡಿಭಾಗಗಳ ಸಂಗತಿಯೂ ಹೀಗೆಯೇ. ಅಂಗಡಿಯ ಹಲಗೆಯ ಮೇಲೆ ಪ್ರತಿಯೊಂದು ವಸ್ತುವೂ ಸರಿಯಾದದ್ದೇ. ಮರಾಠಿಯಲ್ಲಿ ಬಿಡಿಭಾಗಗಳನ್ನು ಕೂಡಿಸುವುದಕ್ಕೂ ವಧೂವರರ ಜಾತಕ ಕೂಡಿಬರುವುದಕ್ಕೂ ‘ಜುಳಣೆ’ ಎಂಬ ಒಂದೇ ಧಾತುವಿನ ಮಾತು ಸಲ್ಲುತ್ತದೆ. ಆ ಭಾಷೆಯವರು ಈ ವಿಷಯವನ್ನು ಮೊದಲೇ ಅರಿತಿದ್ದರೆನ್ನಬೇಕು.

ಜಾತಕದ ಮೊದಲ ಮನೆ ಪ್ರೊಸೆಸರಿನ ಹೆಸರಿನಲ್ಲಿಯೇ ಇದೆ. ಇಂಟೆಲ್ ಕಂಪನಿಯ ಝಿಯಾನ್ ಇ5-2670 ಎಂಬಲ್ಲಿ ‘2670’ರ ಮೊದಲ ಅಂಕಿ ಎರಡು, ಎರಡು ಪ್ರೊಸೆಸರುಗಳು ಜೊತೆಗೂಡಬಲ್ಲವೆಂದು ಅದರ ಅರ್ಥ. ಇ5-1650 ಒಂಟಿಯಾಗಿಯೇ ಇರತಕ್ಕದ್ದು. ಮನೆಬಳಕೆಯ ಐ7 ಪ್ರೊಸೆಸರಿಗೂ ಜೊತೆಗಾರನೊಡನೆ ಮಾತಾಡುವ ಕೊಂಡಿ ಇಲ್ಲ. ಎರಡನೆಯ ಮನೆ ಸಾಕೆಟ್ಟು. ಇಲ್ಲಿ ಮೋಸ ಹೋಗುವುದು ಬಹಳ ಸುಲಭ. 2012ರ ಮೊದಲ ಇ5 ಪೀಳಿಗೆಯೂ ಅದರ ಮುಂದಿನ ‘ವಿ2’ ಪೀಳಿಗೆಯೂ 2011 ಪಿನ್ನುಗಳ ಸಾಕೆಟ್ಟಿನಲ್ಲಿ ಕೂಡುತ್ತವೆ. 2014ರ ‘ವಿ3’ ಪೀಳಿಗೆಯ ಸಾಕೆಟ್ಟಿನ ಹೆಸರು 2011-3. ಪಿನ್ನಿನ ಎಣಿಕೆ ಒಂದೇ, ಮೈತ್ರಿ ಇಲ್ಲ. ಹಳೆಯದಕ್ಕೆ ಡಿಡಿಆರ್3 ಸ್ಮೃತಿ ಬೇಕು, ಹೊಸದಕ್ಕೆ ಸಾಮಾನ್ಯವಾಗಿ ಡಿಡಿಆರ್4. ಸರ್ವರುಗಳಿಂದ ಕಳಚಿದ ರಿಜಿಸ್ಟರ್ಡ್ ಸ್ಮೃತಿಫಲಕಗಳನ್ನೂ ಮನೆಬಳಕೆಯ ಸಾದಾ ಫಲಕಗಳನ್ನೂ ಒಂದೇ ಬೋರ್ಡಿನಲ್ಲಿ ಬೆರೆಸುವಂತಿಲ್ಲ. ಬೆರೆಸಿದರೆ ಯಂತ್ರ ಕಣ್ಣನ್ನೇ ತೆರೆಯುವುದಿಲ್ಲ.

ಉಳಿದವು ಸಣ್ಣ ಮನೆಗಳಂತೆ ಕಾಣುತ್ತವೆ, ಆದರೆ ಮದುವೆ ಮುರಿಯುವುದು ಅಲ್ಲಿಯೇ. ಜೋಡಿ ಬೋರ್ಡುಗಳಲ್ಲಿ ಹಲವು ಹನ್ನೆರಡು ಅಂಗುಲಕ್ಕೆ ಹದಿಮೂರು ಅಂಗುಲ ಅಳತೆಯವು. ಸಾಮಾನ್ಯ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಪ್ರತಿ ಪ್ರೊಸೆಸರಿಗೂ ಪ್ರತ್ಯೇಕವಾದ ಎಂಟು ಪಿನ್ನಿನ ವಿದ್ಯುತ್ ಕೊಂಡಿ ಬೇಕು. ಅಗ್ಗದ ಪವರ್ ಸಪ್ಲೈಯಲ್ಲಿ ಒಂದೇ ಇರುತ್ತದೆ. ‘ಮೊದಲು ಒಂದು ಪ್ರೊಸೆಸರು, ಮುಂದಿನ ವರ್ಷ ಇನ್ನೊಂದು’ ಎಂದು ಹೊರಟವನಿಗೆ ಇನ್ನೊಂದು ಸಂಗತಿ ತಡವಾಗಿ ತಿಳಿಯುತ್ತದೆ: ಎರಡನೆಯ ಸಾಕೆಟ್ಟು ಬರಿದಾಗಿದ್ದರೆ ಅದಕ್ಕೆ ಸೇರಿದ ಸ್ಮೃತಿಯ ಗೂಡುಗಳೂ ಕಾರ್ಡಿನ ಗೂಡುಗಳೂ ಕೆಲಸ ಮಾಡವು. ಕೊನೆಗೆ ವಿಂಡೋಸ್. ಅದರ ಹೋಮ್ ಆವೃತ್ತಿ ಒಂದು ಪ್ರೊಸೆಸರನ್ನಷ್ಟೇ ಗುರುತಿಸುತ್ತದೆ. ಎರಡಕ್ಕೆ ಪ್ರೊ ಆವೃತ್ತಿ ಬೇಕು. ಈ ಹಳೆಯ ಝಿಯಾನುಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು.

ಇಷ್ಟೆಲ್ಲ ಕೂಡಿಬಂದಿತೆಂದೇ ಇಟ್ಟುಕೊಳ್ಳೋಣ. ಆಟ ಚೆನ್ನಾಗಿ ನಡೆಯುವುದೇ? ಈ ಪ್ರಶ್ನೆಗೆ ಉತ್ತರ ನಿರಾಶಾದಾಯಕ. ಬಹುಪಾಲು ಆಟಗಳು ಕೆಲವೇ ಕೋರುಗಳ ವೇಗವನ್ನು ನೆಚ್ಚಿವೆ. ಇ5-2670ರ ವೇಗ 2.6 ಗಿಗಾಹರ್ಟ್ಸ್, ಉತ್ಸಾಹ ಬಂದಾಗ 3.3. ಎರಡನೆಯ ಪ್ರೊಸೆಸರಿನ ಎಂಟು ಕೋರುಗಳು ಆಟಕ್ಕೆ ಹೆಚ್ಚುಕಡಿಮೆ ಪ್ರೇಕ್ಷಕರು. ಕೆಲವೊಮ್ಮೆ ಅವುಗಳಿಂದ ಅಡಚಣೆಯೂ ಉಂಟು. ಪ್ರತಿ ಪ್ರೊಸೆಸರಿಗೂ ತನ್ನದೇ ಸ್ಮೃತಿ ಇರುವುದರಿಂದ, ಒಂದರ ಕೆಲಸ ಇನ್ನೊಂದರ ಸ್ಮೃತಿಯನ್ನು ಕೇಳಿಕೊಂಡು ಹೋಗಬೇಕಾದಾಗ ವಿಳಂಬವಾಗುತ್ತದೆ. ಎವಿಎಕ್ಸ್2 ಎಂಬ ಆದೇಶಗುಚ್ಛವು ವಿ3ಕ್ಕಿಂತ ಹಿಂದಿನ ಝಿಯಾನುಗಳಲ್ಲಿ ಇಲ್ಲವೇ ಇಲ್ಲ. ಅದನ್ನು ಬೇಡುವ ಹೊಸ ತಂತ್ರಾಂಶಗಳು ಅಲ್ಲಿ ತೆರೆಯುವುದೂ ಇಲ್ಲ. ಅರಿಸಮಾಸಕ್ಕೆ ವೈಯಾಕರಣರು ಬಿರುದಾವಳಿಗಳಲ್ಲಿ ವಿನಾಯಿತಿ ಕೊಟ್ಟಿದ್ದರು. ‘ಗೇಮಿಂಗ್ ವರ್ಕ್‌ಸ್ಟೇಷನ್’ ಎಂಬುದನ್ನೂ ಆ ಲೆಕ್ಕಕ್ಕೆ ಸೇರಿಸುವುದೇ ಲೇಸು.

ಊರಿನ ಹವೆಯನ್ನೂ ಗಣಿಸಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಸೇಲಂನ ಬಿಸಿಲು 40 ಡಿಗ್ರಿಯನ್ನು ಸಮೀಪಿಸುತ್ತದೆ. ಒಂದೊಂದು ಇ5-2670ರ ಉಷ್ಣಮಿತಿ 115 ವ್ಯಾಟ್, ಎರಡಕ್ಕೆ 230. ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡಿಗೆ 170. ಅಲ್ಲಿಗೆ 400 ಆಯಿತು. ಬೋರ್ಡು, ಸ್ಮೃತಿ, ಪರದೆ ಬೇರೆ. ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ 600 ವಿಎ ಯುಪಿಎಸ್ ಹೊರಬಲ್ಲದ್ದು ಸುಮಾರು 360 ವ್ಯಾಟ್. ವಿದ್ಯುತ್ತು ಹೋದ ಕ್ಷಣ, ಯಂತ್ರ ಭಾರ ಹೊತ್ತಿದ್ದರೆ, ಬರೆದದ್ದೆಲ್ಲ ಹೋಯಿತು. ಇದಕ್ಕೆ ಬದಲಾಗಿ ರೈಜನ್ 7 5700ಎಕ್ಸ್‌ನಂಥ ಒಂಟಿ ಪ್ರೊಸೆಸರು ಎಂಟು ಕೋರುಗಳನ್ನು 65 ವ್ಯಾಟಿನ ಮಿತಿಯಲ್ಲಿ ನಡೆಸುತ್ತದೆ. ಅದರ ಎಎಂ4 ಬೋರ್ಡಿಗೆ ಡಿಡಿಆರ್4 ಸ್ಮೃತಿ ಸಾಕು. ಮುಂದಿನ ಎಎಂ5 ಬೋರ್ಡು ಡಿಡಿಆರ್5 ಅನ್ನು ಮಾತ್ರ ಒಪ್ಪುತ್ತದೆಂಬುದನ್ನು ನೆನಪಿಟ್ಟರೆ ಆಯಿತು. ಓದು, ಆಟ, ವಿಡಿಯೋ ಸಂಕಲನ, ಕನ್ನಡ ಪುಟಗಳ ಅಕ್ಷರಗ್ರಹಣ ಎಲ್ಲಕ್ಕೂ ವಿದ್ಯಾರ್ಥಿಗೆ ಇದು ಧಾರಾಳ.

ಹಾಗೆಂದು ಜೋಡಿ ಪ್ರೊಸೆಸರು ವ್ಯರ್ಥವೆಂದು ಭಾವಿಸಲಾಗದು. ನೂರಾರು ಗಿಗಾಬೈಟ್ ಸ್ಮೃತಿ ಬೇಡುವ ಲೆಕ್ಕಾಚಾರ, ರಾತ್ರಿಯಿಡೀ ನಡೆಯುವ ಚಿತ್ರನಿರ್ಮಾಣ, ಒಂದೇ ಯಂತ್ರದೊಳಗೆ ಹತ್ತು ಯಂತ್ರಗಳನ್ನು ನಟಿಸುವ ಪ್ರಯೋಗ, ಇವುಗಳಿಗೆ ಅದು ತಕ್ಕ ಸಾಧನ. ಆದರೆ ಅದರ ಜಾಗ ಕಾಲೇಜಿನ ಪ್ರಯೋಗಾಲಯ. ನೇಕಾರರ ಬೀದಿಗಳಲ್ಲಿ ಹಾಸನ್ನು ಬೀದಿಯುದ್ದಕ್ಕೂ ಚಾಚಿ ಗಂಜಿ ಹಾಕುವ ಕೆಲಸವನ್ನು ಒಂದು ಮನೆ ಒಂಟಿಯಾಗಿ ಮಾಡುತ್ತಿರಲಿಲ್ಲ. ನೆರೆಹೊರೆಯ ಕೈಗಳೆಲ್ಲ ಸೇರುತ್ತಿದ್ದವು. ಮಗ್ಗ ಮಾತ್ರ ಮನೆಮನೆಯದು. ಕಾಲೇಜು ಒಂದು ಜೋಡಿ ಯಂತ್ರವನ್ನು ಇರಿಸಿ, ವಿದ್ಯಾರ್ಥಿಗಳು ಮನೆಯಿಂದಲೇ ಅದಕ್ಕೆ ಕೆಲಸ ಒಪ್ಪಿಸುವ ಏರ್ಪಾಡು ಮಾಡಿದರೆ, ಯಾವ ತಂದೆಯೂ ಸರ್ವರು ಕೊಳ್ಳಬೇಕಾಗಿಲ್ಲ. 2011ರಲ್ಲಿ ತಮಿಳುನಾಡು ಸರ್ಕಾರ ಆರಂಭಿಸಿದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ದೊರೆತಂಥ ಸಾದಾ ಯಂತ್ರವೂ ಅಂಥ ಕೆಲಸ ಒಪ್ಪಿಸಲು ಸಾಕಾಗುತ್ತದೆ.

ಭಾಷೆಯ ಪ್ರಶ್ನೆಯೊಂದು ಉಳಿಯಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಅಂಗಡಿಯ ಚೀಟಿಯಲ್ಲಿ ಇಂಗ್ಲಿಷು. ಮಗ ಏನನ್ನು ಕೊಳ್ಳುತ್ತಿದ್ದಾನೆಂಬುದು ಹಣ ಕೊಡುವ ತಂದೆಗೆ ಯಾವ ಭಾಷೆಯಲ್ಲಿಯೂ ತಿಳಿಯುವುದಿಲ್ಲ. ಎಳೆಗಳ ಎಣಿಕೆಗೆ ತಕ್ಕ ಹಣಿಗೆ ಇರದಿದ್ದರೆ ಸೀರೆ ಕೆಡುತ್ತದೆಂದು ಬಲ್ಲ ಆತನಿಗೆ ಸಾಕೆಟ್ಟಿನ ಮಾತು ಅರ್ಥವಾಗದೇನೂ ಇಲ್ಲ. 1804ರ ಜಕಾರ್ಡ್ ಮಗ್ಗದ ತೂತಿನ ಪಟ್ಟಿಗಳಿಂದಲೇ ಗಣಕದ ಕಲ್ಪನೆಗೆ ಒಂದು ಎಳೆ ಬಂದಿತು. ಕನ್ನಡ ವಿಭಾಗದ ವಿದ್ಯಾರ್ಥಿಗಳೂ ಗಣಕವಿಜ್ಞಾನದವರೂ ಕೂಡಿ ಎರಡು ಪುಟದ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿದರೆ ಉಪಕಾರವಾದೀತು. ಅದರಲ್ಲಿ ಸಾಕೆಟ್ಟು, ಸ್ಮೃತಿಯ ಬಗೆ, ಬೋರ್ಡಿನ ಅಳತೆ, ವಿದ್ಯುತ್ ಕೊಂಡಿಗಳ ಸಂಖ್ಯೆ ಇವಿಷ್ಟನ್ನು ಬರೆಯಲು ಖಾಲಿ ಗೆರೆಗಳಿರಲಿ. ಅಂಗಡಿಯಾತ ಅವನ್ನು ತುಂಬಿ, ಕೂಡದಿದ್ದರೆ ಹಿಂದಕ್ಕೆ ಪಡೆಯುವುದಾಗಿ ರುಜು ಹಾಕಿದ ಮೇಲೆಯೇ ಹಣ ಕೈದಾಟಲಿ.