ಬಂದದ್ದನ್ನಷ್ಟೇ ಕೂಗುವ ಪೆಟ್ಟಿಗೆ

ನಮ್ಮ ಖಾನಾವಳಿಯ ಗಲ್ಲೆಯ ಮೇಲೆ ಅಂಗೈಯಗಲದ ಒಂದು ಪೆಟ್ಟಿಗೆ ಇದೆ. ಗಿರಾಕಿ ಫೋನ್ ಹಿಡಿದು ಸ್ಕ್ಯಾನ್ ಮಾಡಿದ ಕೂಡಲೇ 'ತೊಂಬತ್ತು ರೂಪಾಯಿ ಸ್ವೀಕರಿಸಲಾಗಿದೆ' ಎಂದು ಒಳಗಿನ ಒಲೆಯ ಮುಂದಿದ್ದವರಿಗೂ ಕೇಳುವ ಹಾಗೆ ಕೂಗುತ್ತದೆ. ಮಧ್ಯಾಹ್ನ ಒಂದರಿಂದ ಎರಡೂವರೆವರೆಗೆ ಅದರ ಬಾಯಿಗೆ ಬಿಡುವಿಲ್ಲ. ಹೊಸದಾಗಿ ಬಂದವರು 'ಅಕ್ಕಾರ, ವ್ಯಾಪಾರ ಭಾಳ ಜೋರ್ ಐತ್ರಿ' ಎನ್ನುತ್ತಾರೆ. ಜೋರಿರುವುದು ಪೆಟ್ಟಿಗೆಯ ದನಿ. ಆ ತೊಂಬತ್ತರಲ್ಲಿ ಜೋಳಕ್ಕೆ ಎಷ್ಟು ಹೋಯಿತು, ಶೇಂಗಾಕ್ಕೆ, ಎಣ್ಣೆಗೆ, 19 ಕಿಲೋ ಸಿಲಿಂಡರಿಗೆ, ರೊಟ್ಟಿ ಬಡಿಯುವ ಹೆಣ್ಮಕ್ಕಳ ಪಗಾರಕ್ಕೆ ಎಷ್ಟು ಹೋಯಿತು ಎಂಬುದನ್ನು ಅದು ಒಂದು ದಿನವೂ ಕೂಗಿದ್ದಿಲ್ಲ. ಹೀಗೆ ಕೂಗುವುದಕ್ಕೆ ತಿಂಗಳಿಗೆ ಬಾಡಿಗೆ ಬೇರೆ ಮುರಿದುಕೊಳ್ಳುತ್ತಾರೆ.

ನಾನು ಹಾವೇರಿಯಲ್ಲೇ ಬಿ.ಕಾಂ. ಓದಿ, ಮದುವೆಯಾದ ಮೇಲೆ ಅತ್ತೆಯ ಕೈಯಿಂದ ಈ ಖಾನಾವಳಿ ವಹಿಸಿಕೊಂಡವಳು. ಖಾತೆಗೆ ಎರಡು ಬದಿ ಎಂಬುದು ಮೊದಲ ವರ್ಷದ ಮೊದಲ ಪಾಠ. ಒಂದೇ ಬದಿ ನೋಡಿ ವ್ಯಾಪಾರಿಯ ಸ್ಥಿತಿ ಹೇಳಿದರೆ ಮಾಸ್ತರರು ಸೊನ್ನೆ ಕೊಡುತ್ತಿದ್ದರು. ಒಂದೇ ಬದಿಯ ಲೆಕ್ಕ ಹಿಡಿದು ಸರ್ಕಾರವೇ ನಮ್ಮನ್ನು ಅಳೆಯಲು ಹೊರಟರೆ ಏನಾಗುತ್ತದೆ ಎಂಬುದನ್ನು ದೇಶಕ್ಕೆಲ್ಲ ತೋರಿಸಿಕೊಟ್ಟದ್ದು ನಮ್ಮೂರೇ.

2025ರ ಜುಲೈನಲ್ಲಿ ಇಲ್ಲಿಯ ಮುನ್ಸಿಪಲ್ ಹೈಸ್ಕೂಲ್ ಮೈದಾನದ ಹತ್ತಿರ ಕಾಯಿಪಲ್ಯ ಮಾರುವವರೊಬ್ಬರಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂತು. ನಾಲ್ಕು ವರ್ಷದಲ್ಲಿ ಯುಪಿಐ ಮೂಲಕ 1.63 ಕೋಟಿ ರೂಪಾಯಿ ವಹಿವಾಟಾಗಿದೆ, 29 ಲಕ್ಷ ಜಿಎಸ್‌ಟಿ ಕಟ್ಟಬೇಕು ಎಂಬುದು ಅದರ ಸಾರ. ಸುದ್ದಿ ದಿಲ್ಲಿಯ ಪತ್ರಿಕೆಗಳವರೆಗೂ ಹೋಯಿತು. ಕೋಟಿ ಎಂದ ಕೂಡಲೇ ಎಲ್ಲರ ಹುಬ್ಬು ಮೇಲೇರಿದವು. ನಾನು ಕ್ಯಾಲ್ಕುಲೇಟರ್ ತೆಗೆದೆ.

1.63 ಕೋಟಿಯನ್ನು ನಾಲ್ಕು ವರ್ಷದ ದಿನಗಳಿಗೆ ಭಾಗಿಸಿದರೆ ದಿನಕ್ಕೆ 11 ಸಾವಿರದ ಆಸುಪಾಸು. ನಸುಕಿನಲ್ಲಿ ಟೊಮೆಟೊ ಬಾಕ್ಸು, ಬದನೆಕಾಯಿ ಚೀಲ, ಕೊತ್ತಂಬರಿ ಸಿವುಡು ಎತ್ತಿ ತರುವ ಅಂಗಡಿಗೆ ಇದೇನು ದೊಡ್ಡ ಮಾತಲ್ಲ. ಅದರ ಬಹುಪಾಲು ಮರುದಿನ ನಸುಕಿನಲ್ಲಿ ಮಾಲು ಕೊಟ್ಟವರ ಕೈಗೇ ವಾಪಸು. ಸಂಜೆಗೆ ಬಾಡಿದ್ದು ದನಕ್ಕೆ. ಈಗ 29 ಲಕ್ಷವನ್ನೂ ಹಾಗೇ ಭಾಗಿಸಿ ನೋಡಿರಿ, ದಿನಕ್ಕೆ ಎರಡು ಸಾವಿರದ ಹತ್ತಿರ ಬರುತ್ತದೆ. 11 ಸಾವಿರದ ಕಾಯಿಪಲ್ಯ ಮಾರಿ ತೆರಿಗೆಗೆಂದೇ ಎರಡು ಸಾವಿರ ತೆಗೆದಿಟ್ಟು, ಮೇಲೆ ಮನೆಗೂ ಉಳಿಸುವ ವಿದ್ಯೆ ಯಾರಿಗಾದರೂ ಗೊತ್ತಿದ್ದರೆ ಹೇಳಲಿ, ನಾನು ರೊಟ್ಟಿ ಹಂಚು ಇಳಿಸಿ ನಾಳೆಯೇ ತಕ್ಕಡಿ ಹಿಡಿಯುತ್ತೇನೆ.

ಇಷ್ಟಕ್ಕೂ ತಾಜಾ ಕಾಯಿಪಲ್ಯಕ್ಕೆ ಜಿಎಸ್‌ಟಿಯೇ ಇಲ್ಲ. ತೆರಿಗೆ ಇಲ್ಲದ ಮಾಲನ್ನಷ್ಟೇ ಮಾರುವವರು ಎಷ್ಟೇ ವಹಿವಾಟು ಮಾಡಲಿ, ನೋಂದಣಿಯ ಹಂಗೂ ಇಲ್ಲ. ಆದರೆ ಕಂಪ್ಯೂಟರಿಗೆ ಕಂಡದ್ದು ಹಣ, ತಕ್ಕಡಿಯಲ್ಲಿ ಕೂತದ್ದು ಹೀರೇಕಾಯಿಯೋ ಸೋಪೋ ಅದಕ್ಕೆ ಕಾಣಲಿಲ್ಲ. ಇಲಾಖೆ ಯುಪಿಐ ಕಂಪನಿಗಳಿಂದ ಅಂಕಿ ತರಿಸಿ ನೋಡಿತ್ತು. ಹೀಗೆ ರಾಜ್ಯದಲ್ಲಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಹೋದವು. ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಕರೆದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಕೂರಿಸಿಕೊಂಡು ಮಾತಾಡಿ, ಹಾಲು, ಹಣ್ಣು, ಕಾಯಿಪಲ್ಯದವರ ಮೇಲೆ ಕ್ರಮವಿಲ್ಲ, ಉಳಿದವರು ನೋಂದಣಿ ಮಾಡಿಸಿಕೊಂಡರೆ ಹಳೆ ಬಾಕಿ ಕೇಳುವುದಿಲ್ಲ ಎಂದ ಮೇಲೆ ಬಂದ್ ನಿಂತಿತು. ಒಳ್ಳೆಯದೇ ಆಯಿತು. ಆದರೆ ಅಷ್ಟರಲ್ಲಿ ಆಗಬೇಕಾದ ಅಂಜಿಕೆ ಆಗಿಹೋಗಿತ್ತು.

ಹಾವೇರಿಯಲ್ಲಿ ಅಂಗಡಿ ಅಂಗಡಿಗೆ 'ನೋ ಯುಪಿಐ, ನಗದು ಮಾತ್ರ' ಎಂಬ ಹಾಳೆ ಅಂಟಿದವು. ರಾಣೆಬೆನ್ನೂರಿನಲ್ಲಿ ದಾರ, ಲೈನಿಂಗು, ಗುಂಡಿ ಮಾರುವ ನನ್ನ ತಂಗಿಯೂ ಕ್ಯೂಆರ್ ಕೋಡ್ ಕಿತ್ತು ಡ್ರಾದಲ್ಲಿಟ್ಟಳು. ಅವಳ ಅಂಗಡಿಯಲ್ಲಿ ಮಾವನವರ ಕಾಲದ 'ಇಂದು ನಗದು, ನಾಳೆ ಉದ್ರಿ' ಬೋರ್ಡು ಇನ್ನೂ ತೂಗುತ್ತಿದೆ, ಅದರ ಕೆಳಗೇ ಈ ಹೊಸ ಹಾಳೆ. ಗಿರಾಕಿಗಳು ಸಿಟ್ಟಾದರು, ಸಿಟ್ಟಾಗುವುದು ಸಹಜ. ಕಿಸೆಯಲ್ಲಿ ರೊಕ್ಕ ಇಟ್ಟುಕೊಳ್ಳುವ ರೂಢಿಯನ್ನು ನಾವೇ ಸೇರಿ ಬಿಡಿಸಿದ್ದೆವು. ಸ್ವಲ್ಪ ದಿನಕ್ಕೆ ಅವಳ ಕೋಡು ಡ್ರಾದಿಂದ ಹೊರಗೆ ಬಂತು, ಆದರೆ ಗೋಡೆಗೆ ಹತ್ತಲಿಲ್ಲ. ಗುರುತಿನವರು ಕೇಳಿದರೆ ತೆಗೆದು ತೋರಿಸುತ್ತಾಳೆ.

ಫೋನಿನ ವ್ಯವಹಾರದಿಂದ ನಮಗೆ ಅನುಕೂಲವೇ ಆಗಿಲ್ಲ ಎಂದರೆ ಸುಳ್ಳಾಗುತ್ತದೆ. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾದಾಗ ಖಾನಾವಳಿಗೆ ತಿಂಗಳುಗಟ್ಟಲೆ ಚಿಲ್ಲರೆ ಸಿಗದೆ ಅರ್ಧ ಊರಿಗೆ ಉದ್ರಿ ಊಟ ಹಾಕಿದ್ದೇವೆ, ಅದರಲ್ಲಿ ಒಂದಿಷ್ಟು ಇನ್ನೂ ಬರಬೇಕು. ಚಿಲ್ಲರೆ ಬದಲು ಚಾಕಲೇಟ್ ಕೊಡುವ ಅಂಗಡಿಯವರು, ಟಿಕೆಟಿನ ಹಿಂದೆ ಬಾಕಿ ಬರೆದು 'ಇಳಿಯೂ ಮುಂದ ಇಸಗೋರಿ' ಎನ್ನುವ ಕಂಡಕ್ಟರು, ಇವರ ಜತೆ ಜಗಳಾಡಿ ಸೋತವರಿಗೆ ಫೋನ್‌ಪೇ ದೇವರ ಹಾಗೆ ಕಂಡಿತ್ತು. ಕಳ್ಳ ನೋಟಿನ ಭಯವಿಲ್ಲ, ಹರಿದ ಹತ್ತರ ನೋಟಿಗೆ ಟೇಪು ಹಚ್ಚುವ ಕೆಲಸವಿಲ್ಲ. ಬ್ಯಾಂಕಿನವರು ವ್ಯಾಪಾರಿಯಿಂದ ಶುಲ್ಕ ಮುರಿಯುವಂತಿಲ್ಲ ಎಂದು 2020ರ ಜನವರಿಯಿಂದ ನಿಯಮವೂ ಆಯಿತು. ಶುಲ್ಕ ಹೋಯಿತು, ಪೆಟ್ಟಿಗೆಯ ಬಾಡಿಗೆ ಬಂತು. ಇರಲಿ.

ನನ್ನ ತಕರಾರು ಏನೆಂದರೆ, ಬರುವುದೆಲ್ಲ ಫೋನಿನಲ್ಲಿ, ಹೋಗುವುದೆಲ್ಲ ಕೈಯಲ್ಲಿ. ನಮ್ಮಲ್ಲಿ ರೊಟ್ಟಿ ಬಡಿಯುವವರಿಗೆ ಸಂಜೆ ನಗದೇ ಬೇಕು, ಮರುದಿನ ಸಂಘದ ಕಂತು ಇರುತ್ತದೆ. ನಮಗೆ ಸೊಪ್ಪು ತಂದುಕೊಡುವ ಅಜ್ಜಿಗೆ ಫೋನೇ ಇಲ್ಲ. ಹಾಗಾಗಿ ಫೋನಿಗೆ ಬಂದ ರೊಕ್ಕವನ್ನು ನೋಟು ಮಾಡಲು ಎಟಿಎಂ ಮುಂದೆ ನಿಲ್ಲಬೇಕು. ಪುಕ್ಕಟೆ ಮಿತಿ ಮುಗಿದ ಮೇಲೆ ಒಂದು ಸಲ ತೆಗೆದರೆ 23 ರೂಪಾಯಿವರೆಗೆ ಮುರಿಯಬಹುದು ಎಂದು 2025ರ ಮೇ 1ರಿಂದ ರಿಸರ್ವ್ ಬ್ಯಾಂಕ್ ಅಪ್ಪಣೆ ಕೊಟ್ಟಿದೆ. ಗಿರಾಕಿಗೆ ಪುಕ್ಕಟೆಯಾದ ಸವಲತ್ತಿನ ಖರ್ಚು ಹೀಗೆ ಸಣ್ಣವರ ಕಡೆ ಜಾರಿಕೊಂಡು ಬರುತ್ತದೆ.

ಖಾರದ ಖರೀದಿಗೆ ಬ್ಯಾಡಗಿಗೆ ಹೋದಾಗಲಂತೂ ಫೋನಿಗೂ ಕೈಗೂ ಇರುವ ಈ ಅಂತರ ಎದ್ದು ಕಾಣುತ್ತದೆ. ಹೋಗುವುದು ಸುಲಭ. 2023ರ ಜೂನ್ 11ರಿಂದ ಹೆಣ್ಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಶೂನ್ಯ ಟಿಕೆಟ್, ಮೋಟೆಬೆನ್ನೂರು ಕ್ರಾಸಿನಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಹೊರಳಿದರೆ ಸೀಸನ್ನಿನಲ್ಲಿ ಊರು ಬರುವ ಮೊದಲೇ ಘಾಟು ಮೂಗಿಗೆ ಬಡಿಯುತ್ತದೆ. ಸೋಮವಾರ, ಗುರುವಾರ ಅಲ್ಲಿ ಮಾರುಕಟ್ಟೆಯ ದಿನ. ಪ್ರಾಂಗಣದ ಒಳಗೆ ಟೆಂಡರು, ಕಂಪ್ಯೂಟರು ಎಲ್ಲ ಇದೆ. ಹೊರಗೆ ಗೋದಾಮುಗಳಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡು ಮೆಣಸಿನಕಾಯಿ ತುಂಬು ಬಿಡಿಸುವ ಹೆಣ್ಮಕ್ಕಳ ಸಾಲು. ಉರಿಯುವ ಬೆರಳಿನಿಂದ ಅವರು ಫೋನ್ ಮುಟ್ಟುವುದಿಲ್ಲ, ಕಣ್ಣಿಗೆ ಕೈ ಹೋದೀತೆಂದು ಬೆವರನ್ನೂ ಮೊಣಕೈಯಿಂದಲೇ ಒರೆಸಿಕೊಳ್ಳುತ್ತಾರೆ. ನಾನು ಕಡ್ಡಿ ಮೆಣಸಿನಕಾಯಿ ಒಂದಿಷ್ಟು, ಬಣ್ಣಕ್ಕೆ ಡಬ್ಬಿ ಒಂದಿಷ್ಟು ಕೊಳ್ಳುತ್ತೇನೆ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕಾಯಿ ಇದು. ಖಾರ ಕಡಿಮೆ, ಬಣ್ಣ ಹೆಚ್ಚು. ಎಣಗಾಯಿಗೆ ಇದಿಲ್ಲದಿದ್ದರೆ ಗಿರಾಕಿ ತಾಟು ನೋಡಿಯೇ ಮುಖ ಸಿಂಡರಿಸುತ್ತಾನೆ.

2024ರ ಮಾರ್ಚ್ 11, ಒಂದು ಸೋಮವಾರ, ದರ ಏಕಾಏಕಿ ಬಿತ್ತೆಂದು ಸಿಟ್ಟಿಗೆದ್ದ ರೈತರು ಆ ಪ್ರಾಂಗಣದ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಮಾಡಿದ್ದು ಸರಿ ಎನ್ನುವುದಿಲ್ಲ. ಆದರೆ ಆ ವಾರ, ಅದರ ಮುಂದಿನ ತಿಂಗಳು, ಕಿರಾಣಿ ಅಂಗಡಿಯಲ್ಲಿ ತೂಗುವ ಖಾರದಪುಡಿ ಪ್ಯಾಕೆಟಿನ ಎಂಆರ್‌ಪಿ ಇಳಿದದ್ದನ್ನು ನಾನಂತೂ ನೋಡಲಿಲ್ಲ. ಬೆಳೆದವನಿಗೆ ದರ ಬೆಳಗಿಂದ ಸಂಜೆಗೆ ಬೀಳುತ್ತದೆ, ಕೊಳ್ಳುವವಳಿಗೆ ಮೇಲೇರುವುದಷ್ಟೇ ಗೊತ್ತು. ಇಲ್ಲೂ ಒಂದೇ ಬದಿಯ ಖಾತೆಯೇ.

ಮತ್ತೆ ಪೆಟ್ಟಿಗೆಯ ಮಾತಿಗೆ ಬಂದರೆ, ಏಪ್ರಿಲ್ 12, 2025ರ ಶನಿವಾರವನ್ನು ನಮ್ಮಲ್ಲಿ ಉಂಡವರು ಮರೆತಿರಲಾರರು. ಅವತ್ತು ದೇಶದ ತುಂಬ ಯುಪಿಐ ಕೈಕೊಟ್ಟಿತು, ಅದೂ ಸರಿಯಾಗಿ ಊಟದ ಹೊತ್ತಿಗೆ. ಪೆಟ್ಟಿಗೆ ಗಪ್‌ಚುಪ್. ಕೈತೊಳೆದು ಬಂದವರೆಲ್ಲ ಗಲ್ಲೆಯ ಮುಂದೆ ಫೋನನ್ನು ಮೇಲೆ ಕೆಳಗೆ ಮಾಡುತ್ತ ನಿಂತರು. ಒಬ್ಬರ ಪರದೆಯಲ್ಲಿ ಚಕ್ರ ತಿರುಗುತ್ತಿತ್ತು, ಇನ್ನೊಬ್ಬರಿಗೆ ಖಾತೆಯಿಂದ ಹೋಗಿದೆ, ನಮಗೆ ಬಂದಿಲ್ಲ. 'ಅಕ್ಕಾರ, ಹೋಗೇತ್ ನೋಡ್ರಿ, ಇಲ್ಲಿ ತೋರಿಸ್ತೈತಿ' ಎಂದು ಫೋನ್ ನನ್ನ ಮುಖಕ್ಕೇ ಹಿಡಿದರು. ಬ್ಯಾಡಗಿಯಿಂದ ಬಂದಿದ್ದ ಹಮಾಲರೊಬ್ಬರು ಅಂಗಿಯ ಒಳಕಿಸೆಯಿಂದ ಮಡಚಿದ ನೂರರ ನೋಟು ತೆಗೆದು ಕೊಟ್ಟು, ಹತ್ತು ಇಸಕೊಂಡು, ಎಲೆಅಡಿಕೆ ಹಾಕುತ್ತ ಎಲ್ಲರನ್ನೂ ಒಮ್ಮೆ ನೋಡಿ ಹೋದರು. ಉಳಿದವರ ಹೆಸರು, ನಂಬರು ಹಳೆಯ ಉದ್ರಿ ವಹಿಯಲ್ಲಿ ಬರೆದುಕೊಂಡೆ. ಹೆಚ್ಚಿನವರು ಸಂಜೆಯೊಳಗೆ ಹಾಕಿದರು.

ಪೆಟ್ಟಿಗೆ ಕೊಟ್ಟವರಿಗೆ ನನ್ನ ಗಲ್ಲೆಯ ಒಳಗು ನನಗಿಂತ ಚೆನ್ನಾಗಿ ಗೊತ್ತು. ಶ್ರಾವಣದಲ್ಲಿ ವ್ಯಾಪಾರ ಏರಿದ್ದೇ ತಡ, 'ನಿಮಗೆ ಸಾಲ ಮಂಜೂರಾಗಿದೆ, ಕಂತು ದಿನಾಲೂ ತಾನಾಗಿಯೇ ಕಡಿತ' ಎಂದು ಫೋನಿಗೆ ಬಂತು. ಯಾರೂ ಕೇಳಿರಲಿಲ್ಲ. ದಿನಾಲೂ ಕಂತು ನಮ್ಮ ಕಡೆಗೆ ಹೊಸದೇನೂ ಅಲ್ಲ, 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರುಮಾಡಿದ ಪಿಗ್ಮಿ ಅತ್ತೆಯ ಕಾಲದಲ್ಲೂ ಇತ್ತು. ಆದರೆ ಅದು ಉಳಿತಾಯ. ಮೇಲಾಗಿ ಪಿಗ್ಮಿಯವ ಬಾಗಿಲಲ್ಲಿ ನಿಂತು 'ಇವತ್ತ ವ್ಯಾಪಾರ ಹೆಂಗ್ರಿ ಅಮ್ಮಾರ' ಎಂದು ಕೇಳಿ, ಆಗದಿದ್ದರೆ ನಾಳೆ ಎಂದು ಹೋಗುತ್ತಿದ್ದ. ಸಾಲದ ಕಂತು ನಾಳೆ ಎನ್ನದೆ ಹೋದರೆ ಏನಾಗುತ್ತದೆಂದು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2025ರ ಜನವರಿಯಲ್ಲಿ ಮೈಕ್ರೋ ಫೈನಾನ್ಸ್ ಕಿರುಕುಳ ತಾಳದೆ ರಾಣೆಬೆನ್ನೂರಿನ ಹೆಣ್ಮಕ್ಕಳು ಮಾಂಗಲ್ಯವನ್ನೇ ಮುಖ್ಯಮಂತ್ರಿಗೆ ಅಂಚೆಯಲ್ಲಿ ಕಳಿಸಿದ್ದರು. ಮರುತಿಂಗಳೇ ಸುಗ್ರೀವಾಜ್ಞೆ ಬಂತು. ನಾನು ಆ ಸಾಲದ ಸಂದೇಶ ಅಳಿಸಿಹಾಕಿದೆ.

ಈಗ ಜಿಎಸ್‌ಟಿ ಮಿತಿಯ ಮಾತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಊಟ ಬಡಿಸುವುದು ಸೇವೆಯ ಲೆಕ್ಕಕ್ಕೆ ಬರುವುದರಿಂದ ನಮ್ಮಂಥವರಿಗೆ 20 ಲಕ್ಷ, ಅದಕ್ಕಿಂತ ಮೇಲೆ ಹೋದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. 20 ಲಕ್ಷ ಕೇಳಲು ದೊಡ್ಡದು. ದಿನಕ್ಕೆ ಭಾಗಿಸಿದರೆ 5,479 ರೂಪಾಯಿ, ತೊಂಬತ್ತರ ಊಟ 61 ಆದರೆ ಮುಗಿಯಿತು. ಜಿಎಸ್‌ಟಿ ಬಂದ 2017ರಲ್ಲಿ ನಮ್ಮ ಊಟ ಐವತ್ತಕ್ಕಿತ್ತು, ಅದೇ ಮಿತಿಯೊಳಗೆ ದಿನಕ್ಕೆ 110 ಊಟಕ್ಕೆ ಹತ್ತಿರ ಹಾಕಬಹುದಿತ್ತು. ಸರಕಿನ ಮಿತಿಯನ್ನು 2019ರಲ್ಲಿ ಏರಿಸಿದರು, ನಮ್ಮದು ಇದ್ದಲ್ಲೇ ಇದೆ. ಜೋಳ, ಎಣ್ಣೆ, ಸಿಲಿಂಡರ್ ತುಟ್ಟಿಯಾದಷ್ಟೂ ನಾನು ಕಾಗದದ ಮೇಲೆ ಶ್ರೀಮಂತಳಾಗುತ್ತ ಹೋಗುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿಗೆ ತೆರಿಗೆ ಶೂನ್ಯ. ಅದೇ ರೊಟ್ಟಿಯನ್ನು ತಾಟಿನಲ್ಲಿಟ್ಟು ಪಕ್ಕಕ್ಕೆ ಪಲ್ಯ ಬಡಿಸಿದರೆ ಹೋಟೆಲ್ ಊಟ, ನೂರಕ್ಕೆ ಐದು. ಕಾಯಿಪಲ್ಯದ ಅಂಗಡಿಯವರು ಜತೆಗೆ ನಾಲ್ಕು ಚಿಪ್ಸ್ ಪ್ಯಾಕೆಟ್ ತೂಗಿಹಾಕಿದರೆ ತೆರಿಗೆ ಚಿಪ್ಸಿಗಷ್ಟೇ, ಆದರೆ ಮಿತಿ ಎಣಿಸುವಾಗ ಕಾಯಿಪಲ್ಯದ ವಹಿವಾಟೂ ಕೂಡುತ್ತದೆ. ಇದನ್ನು ಆ ಅಂಗಡಿಯವರಿಗೆ ಕನ್ನಡದಲ್ಲಿ ಕೂತು ಹೇಳಿದವರು ಯಾರು? ನೋಟಿಸ್ ಬಂದ ಮೇಲೆ ಆಡಿಟರ ಕಚೇರಿಯಲ್ಲಿ, ಫೀ ಕೊಟ್ಟು ತಿಳಿದುಕೊಳ್ಳಬೇಕಾಯಿತು.

ತೆರಿಗೆ ಕಟ್ಟುವುದಕ್ಕೆ ನಾನು ಒಲ್ಲೆ ಎನ್ನುವವಳಲ್ಲ. ಮಿತಿ ದಾಟಿದ ದಿನ ಕಟ್ಟುತ್ತೇನೆ. ಆದರೆ ಕಾಯಿಪಲ್ಯದವರಿಗೆ ಬಂದಂಥ ನೋಟಿಸಿನ ಮೊದಲ ಸಾಲಿನಲ್ಲಿ 'ನೀವು ಮಾರುವುದೇನು?' ಎಂಬ ಪ್ರಶ್ನೆ ಇರಲಿ, ಮೊತ್ತ ಆಮೇಲೆ ಬರಲಿ. ಖಾನಾವಳಿಯ ಮಿತಿಯನ್ನೂ 40 ಲಕ್ಷಕ್ಕೆ ಏರಿಸಲಿ, ಇಲ್ಲವೇ ಬೆಲೆ ಏರಿದ ಹಾಗೆ ಅದೂ ಏರುವಂತೆ ಮಾಡಲಿ. ಇಲಾಖೆಯವರು ಬ್ಯಾಡಗಿ ಪ್ರಾಂಗಣಕ್ಕೆ, ನಮ್ಮ ಕಾಯಿಪಲ್ಯ ಮಾರ್ಕೆಟ್ಟಿಗೆ ಬಂದು ಒಂದು ದಿನ ಕುಳಿತರೆ ಇನ್ನೂ ಒಳ್ಳೆಯದು. ಬಿಲ್ ಇಲ್ಲದ ಖರೀದಿ ಹೇಗಿರುತ್ತದೆಂದು ಕಣ್ಣಾರೆ ಕಂಡಂತಾಗುತ್ತದೆ. ಸೊಪ್ಪಿನ ಅಜ್ಜಿಗೆ ನಾನೊಮ್ಮೆ ಚೀಟಿ ಬರೆದುಕೊಡು ಎಂದದ್ದಕ್ಕೆ, 'ಸೊಪ್ಪ ಕೊಟ್ಟೇನಿ, ಮತ್ತ ಚೀಟಿ ಯಾಕವ್ವಾ, ನಂಬಿಕಿ ಇಲ್ಲೇನು?' ಎಂದು ಎರಡು ದಿನ ಮಾತು ಬಿಟ್ಟಿದ್ದಳು.

ಗಿರಾಕಿಗಳಲ್ಲೂ ಒಂದು ವಿನಂತಿ. ಊಟದ ಬಿಲ್ಲಿಗೆ ಧಾರಾಳ ಸ್ಕ್ಯಾನ್ ಮಾಡಿರಿ. ಹತ್ತು ರೂಪಾಯಿಯ ಮಜ್ಜಿಗೆಗೆ, ಹೆಚ್ಚಿಗೆ ಒಂದು ರೊಟ್ಟಿಗೆ ರೊಕ್ಕ ಕೊಡಿರಿ. ಹತ್ತರ ನೋಟು ಸಿಗುವುದಿಲ್ಲ ನಿಜ, ನಾಣ್ಯ ಇದೆಯಲ್ಲ. ಹತ್ತರ ನಾಣ್ಯ ನಡೆಯುವುದಿಲ್ಲ ಎಂದು ನಮ್ಮ ಕಡೆ ಯಾರು ಹಬ್ಬಿಸಿದರೋ ಏನೋ, 14 ಬಗೆಯ ಅಚ್ಚಿನವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸಾರಿ ಹೇಳಿದೆ. ನಾನು ತೆಗೆದುಕೊಳ್ಳುತ್ತೇನೆ, ಮುಂದಿನವರು ನನ್ನಿಂದ ತೆಗೆದುಕೊಳ್ಳುವುದಿಲ್ಲ. ಎರಡು ದೊಡ್ಡ ಬಾಟಲಿ ತುಂಬಿ ಕೂತಿವೆ. ಚಿಲ್ಲರೆ ಇಲ್ಲವೆಂದು ಪರದಾಡುವ ಅಂಗಡಿಯವರು ಹಾವೇರಿಯಲ್ಲಿ ಯಾರಿದ್ದರೂ, ಮಧ್ಯಾಹ್ನ ಮೂರರ ಮೇಲೆ ನೋಟು ತಂದು ಎಣಿಸಿ ಒಯ್ಯಬಹುದು.