ತುಳಸಿಗೆ ದಿನಾ ನೀರು, ಇದಕ್ಕೆ ಬೇಡ!

ಮಗಳು ಕೆಲಸಕ್ಕೆಂದು ಪುಣೆಗೆ ಹೊರಟಾಗ, ತನ್ನ ಮೇಜಿನ ಮೇಲಿದ್ದ ಪುಟ್ಟ ಕುಂಡವನ್ನು ನನ್ನ ಕೈಗಿಟ್ಟು, "ಅಮ್ಮಾ, ಇದನ್ನ ನೋಡ್ಕೋ" ಅಂದಿದ್ದಳು. ದಪ್ಪನೆಯ ಹಸಿರು ಎಲೆ, ಅದರ ಮೇಲೆ ಬಿಳಿ ಪಟ್ಟೆ. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಹೆಸರು ಹಾವರ್ಥಿಯಾ, ನರ್ಸರಿಯಲ್ಲಿ ಜೀಬ್ರಾ ಗಿಡ ಅಂತ ಕೇಳಿದರೂ ಕೊಡುತ್ತಾರೆ.

ನಾನು ನೋಡಿಕೊಂಡಿದ್ದೇ ನೋಡಿಕೊಂಡಿದ್ದು! ದಿನಾ ಬೆಳಿಗ್ಗೆ ತುಳಸಿಗೆ ಹಾಕಿ ಚೊಂಬಿನಲ್ಲಿ ಉಳಿದ ನೀರೆಲ್ಲ ಇದಕ್ಕೆ. ಶ್ರಾವಣದ ಹೊತ್ತಿಗೆ ಬುಡದ ಎಲೆಗಳು ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮೆತ್ತಗೆ ಕೈಗೇ ಬಂದವು. ಪಾಪ, ನೀರು ಸಾಲದೇನೋ ಅಂತ ಇನ್ನೊಂದು ಲೋಟ ಹಾಕಿದೆ.

ಆಮೇಲೆ ಗೊತ್ತಾಯಿತು. ನಮ್ಮ ಲೋಳೆಸರದ ಹತ್ತಿರದ ನೆಂಟ ಇದು. ದಕ್ಷಿಣ ಆಫ್ರಿಕಾದ ಒಣ ನೆಲದಲ್ಲಿ, ಪೊದೆ-ಬಂಡೆಗಳ ನೆರಳಲ್ಲಿ ಬೆಳೆಯುವಂಥದ್ದು. ಬೇಕಾದ ನೀರನ್ನು ಎಲೆಯಲ್ಲೇ ಕೂಡಿಟ್ಟುಕೊಳ್ಳುತ್ತದೆ. ಮಣ್ಣು ಸದಾ ಒದ್ದೆಯಿದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು. ಹಾಗಾಗಿ ನೀರು ಹೆಚ್ಚಾದ ಗಿಡವೂ ಬಾಡಿದಂತೆಯೇ ಕಾಣುತ್ತದೆ. ನಾನು ಮೋಸ ಹೋಗಿದ್ದು ಅಲ್ಲೇ.

ಅಂಥದ್ದೇ ಇನ್ನೊಂದು ತಂದಿಟ್ಟು ಸುಮ್ಮನಿದ್ದುಬಿಡೋಣ ಅಂತಲೂ ಅನ್ನಿಸಿತು. ಮನಸ್ಸು ಒಪ್ಪದೆ ಫೋನ್ ಮಾಡಿ ಹೇಳಿಯೇಬಿಟ್ಟೆ. ಒಂದು ಕ್ಷಣ ಸುಮ್ಮನಿದ್ದು, "ಪಕ್ಕದಲ್ಲಿ ಮರಿ ಇದ್ಯಾ ನೋಡಮ್ಮಾ" ಅಂದಳು.

ಇತ್ತು! ಒಂದೇ ಒಂದು, ಕಡಲೆಕಾಯಿ ಗಾತ್ರದ್ದು. ಗಿಡ ಪೂರ್ತಿ ಕಿತ್ತು, ಕೊಳೆತದ್ದನ್ನು ಎಸೆದು, ಮರಿಯನ್ನು ಬಿಡಿಸಿ ಮೂರು ದಿನ ನೆರಳಲ್ಲಿ ಗಾಯ ಒಣಗಲು ಬಿಟ್ಟೆ. ಆಮೇಲೆ ಅರ್ಧ ಕೆಂಪು ಮಣ್ಣು, ಅರ್ಧ ದಪ್ಪ ಮರಳು ಬೆರೆಸಿ, ತಳದಲ್ಲಿ ತೂತಿರುವ ಮಣ್ಣಿನ ಕುಂಡದಲ್ಲಿ ನೆಟ್ಟೆ. ಒಂದು ವಾರ ಹನಿ ನೀರೂ ಹಾಕಲಿಲ್ಲ.

ಈಗ ಮಣ್ಣಿಗೆ ಬೆರಳಿಟ್ಟು ನೋಡದೆ ಚೊಂಬು ಎತ್ತುವುದಿಲ್ಲ. ಒಳಗಿನವರೆಗೂ ಒಣಗಿದ್ದರೆ ಮಾತ್ರ, ತಳದಿಂದ ಇಳಿಯುವಷ್ಟು ನೀರು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡುತ್ತೇನೆ. ಎಲೆಗಳ ನಡುವೆ ನೀರು ನಿಲ್ಲಬಾರದು. ಬೇಸಿಗೆಯಲ್ಲಿ ಹತ್ತು ದಿನಕ್ಕೊಮ್ಮೆ ಬೇಕಾಗಬಹುದು. ಮಳೆಗಾಲದಲ್ಲಿ ಮೂರ್ನಾಲ್ಕು ವಾರ ಹಾಕದಿದ್ದರೂ ನಡೆಯುತ್ತದೆ. ಬೆಳಗಿನ ಎಳೆಬಿಸಿಲು ಬೀಳುವ ಕಿಟಕಿ ಒಳ್ಳೆಯದು. ಮಧ್ಯಾಹ್ನದ ಬಿಸಿಲು ಬಿದ್ದರೆ ಎಲೆ ಕೆಂಪಾಗುತ್ತದೆ.

ದೀಪಾವಳಿಗೆ ಮಗಳು ಬಂದಾಗ ನಡುವೆ ಎರಡು ಹೊಸ ಎಲೆ ಇಣುಕುತ್ತಿದ್ದವು. "ಈ ಸಲ ನಾನೇ ತಗೊಂಡು ಹೋಗ್ಲಾ?" ಅಂದಳು. "ಬೇಡ ಕಣೇ, ಇಲ್ಲೇ ಇರ್ಲಿ" ಅಂದೆ.

ಅಂದಹಾಗೆ, ಚೆಂದದ ಪಿಂಗಾಣಿ ಕಪ್ಪಿನಲ್ಲಿ ಇಂಥ ಗಿಡ ನಿಮಗೂ ಉಡುಗೊರೆ ಬಂದಿದೆಯಾ? ಇವತ್ತೇ ಎತ್ತಿ ತಳ ನೋಡಿ. ತೂತಿಲ್ಲದಿದ್ದರೆ ಮೊದಲು ಕುಂಡ ಬದಲಿಸಿ.