ಗೃಹಕೃತ್ಯ: ಸಿಂಕಿನ ಕೆಳಗಿನ ಅರೆಯುವ ಯಂತ್ರ

ಅಮೆರಿಕದಲ್ಲಿ ಸಂಸಾರ ಹೂಡಿರುವ ಕನ್ನಡಿಗರಲ್ಲಿ ಅನೇಕರ ಅಡಿಗೆಮನೆಯ ಸಿಂಕಿನ ಕೆಳಗೆ ಗಾರ್ಬೇಜ್ ಡಿಸ್ಪೋಸಲ್ ಎಂಬ ಯಂತ್ರವಿರುವುದಷ್ಟೆ. ವಿಸ್ಕಾನ್ಸಿನ್ ಸಂಸ್ಥಾನದ ರಸೀನ್ ಪಟ್ಟಣದ ವಾಸ್ತುಶಿಲ್ಪಿ ಜಾನ್ ಹ್ಯಾಮ್ಸ್ ಎಂಬವರು 1927ರಲ್ಲಿ ಇದನ್ನು ಕಲ್ಪಿಸಿದರು. 1935ರಲ್ಲಿ ಅವರಿಗೆ ಪೇಟೆಂಟು ದೊರೆಯಿತು. ತಟ್ಟೆಯಲ್ಲಿ ಉಳಿದ ಅಗುಳು ಚೂರುಗಳನ್ನು ಅರೆದು ನೀರಿನೊಡನೆ ಚರಂಡಿಗೆ ಸಾಗಿಸುವುದೇ ಇದರ ಕೆಲಸ. ಇದು ಅಡಗಿ ನಿಂತಾಗ ಅವಸರದಿಂದ ಒಳಗೆ ಕೈಹಾಕುವವರುಂಟು. ಅದು ಮಹಾ ಅಪಾಯಕರವಾದುದರಿಂದ ಈ ತಿಂಗಳು ಇದೇ ವಿಷಯವನ್ನು ವಿಚಾರಿಸೋಣ.

ಇದರೊಳಗೆ ಚೂರಿಯಂತಹ ಅಲಗುಗಳಿವೆಯೆಂದು ಹಲವರ ಭಾವನೆ. ವಾಸ್ತವವಾಗಿ ಇರುವುದು ಸುತ್ತುವ ಒಂದು ತಟ್ಟೆ, ಅದರ ಮೇಲೆ ಅಲುಗಾಡುವ ಲೋಹದ ತುಂಡುಗಳು, ಸುತ್ತಲೂ ಹಲ್ಲುಗಳುಳ್ಳ ಬಳೆ. ತಟ್ಟೆಯ ವೇಗಕ್ಕೆ ಪದಾರ್ಥವು ಬಳೆಗೆ ಬಡಿದು ನುರಿಯುವುದು. ಚಮಚವೋ ಹುಣಿಸೆಬೀಜವೋ ನಡುವೆ ಸಿಕ್ಕಿದರೆ ತಟ್ಟೆ ನಿಂತು, ಮೋಟಾರು ಗುಂಯ್‌ಗುಟ್ಟುವುದು.

ಆ ಸದ್ದು ಕೇಳಿದೊಡನೆ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕೀಳತಕ್ಕದ್ದು. ಪ್ಲಗ್ಗಿಲ್ಲದಿದ್ದರೆ ಮನೆಯ ವಿದ್ಯುತ್ ಪೆಟ್ಟಿಗೆಯಲ್ಲಿಯೇ ಅದರ ಸಂಪರ್ಕವನ್ನು ತಪ್ಪಿಸಬೇಕು. ಅನೇಕ ಯಂತ್ರಗಳ ತಳದ ಮಧ್ಯದಲ್ಲಿ ಆರು ಮೂಲೆಯ ರಂಧ್ರವೊಂದಿರುತ್ತದೆ. ಅದಕ್ಕೆ ಕಾಲು ಅಂಗುಲದ ಅಲೆನ್ ಕೀಯನ್ನು ತೂರಿಸಿ ಎಡಕ್ಕೂ ಬಲಕ್ಕೂ ತಿರುಗಿಸಿದರೆ ತಟ್ಟೆ ಸಡಿಲುವುದು. ರಂಧ್ರವಿಲ್ಲದ ಯಂತ್ರಕ್ಕೆ ಮೇಲಿನಿಂದ ಮರದ ಕೋಲನ್ನಿಟ್ಟು ತಟ್ಟೆಯನ್ನು ನೂಕಬಹುದು. ಸಿಕ್ಕಿಕೊಂಡುದನ್ನು ದೀಪ ಹಿಡಿದು ನೋಡಿ ಇಕ್ಕಳದಿಂದಲೇ ತೆಗೆಯಬೇಕು. ವಿದ್ಯುತ್ತು ತಪ್ಪಿಸಿದ್ದರೂ ಬೆರಳು ಹಾಕಕೂಡದು. ಮೋಟಾರಿನ ಕಾವು ಆರಲು ಹತ್ತು ನಿಮಿಷ ಬಿಟ್ಟು, ತಳದಲ್ಲಿರುವ ಕೆಂಪು ಗುಂಡಿಯನ್ನು ಒತ್ತಿ, ವಿದ್ಯುತ್ತನ್ನು ಕೊಟ್ಟು, ತಣ್ಣೀರು ಬಿಡುತ್ತ ನಡೆಸಿ ನೋಡುವುದು.

ಯಂತ್ರ ಸರಾಗವಾಗಿ ತಿರುಗಿಯೂ ಸಿಂಕಿನಲ್ಲಿ ನೀರು ನಿಂತರೆ ದೋಷವು ಕೊಳವೆಯಲ್ಲಿದೆ. ಪುನಃ ವಿದ್ಯುತ್ತು ತಪ್ಪಿಸಿ, ಕೆಳಗೆ ಬಕೆಟ್ಟನ್ನಿಟ್ಟು, ಬಾಗಿದ ಕೊಳವೆಯ ತಿರುಪುಗಳನ್ನು ಸಡಿಲಿಸಿ ತೊಳೆಯಬೇಕು. ಕಟ್ಟು ಬಿಡಿಸುವ ತೀಕ್ಷ್ಣವಾದ ರಾಸಾಯನಿಕಗಳನ್ನು ಸುರಿಯಬಾರದು. ಅವು ಯಂತ್ರವನ್ನು ಕೆಡಿಸುವುದಲ್ಲದೆ, ನಿಂತ ನೀರಿನಲ್ಲಿಯೇ ಉಳಿದು, ಕೊಳವೆ ಬಿಚ್ಚುವವರ ಕಣ್ಣು ಚರ್ಮಗಳನ್ನು ಸುಡುವುವು.

ಇಷ್ಟಕ್ಕೂ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದೇ ಮೇಲು. ಈ ಯಂತ್ರ ಕಸದ ಬುಟ್ಟಿಯಲ್ಲ. ಎಂಜಲನ್ನು ಮೊದಲು ಬುಟ್ಟಿಗೆ ಬಳಿದು, ಉಳಿದ ಚೂರನ್ನು ಮಾತ್ರ ಇದಕ್ಕೆ ಬಿಡಬೇಕು. ನಮ್ಮ ಅಡಿಗೆಯ ಅನ್ನವೇ ಇದಕ್ಕೆ ಮೊದಲ ವೈರಿ. ಕೊಳವೆಯಲ್ಲಿ ಊದಿ ಅಂಟಾಗುವುದು. ನುಗ್ಗೆಕಾಯಿಯ ಜಬ್ಬು, ತೆಂಗಿನ ನಾರು, ಕರಿಬೇವಿನ ಕಡ್ಡಿ, ಬಾಳೆಯ ಸಿಪ್ಪೆ, ಈರುಳ್ಳಿಯ ಹೊಟ್ಟು ಇವು ಸುತ್ತಿಕೊಳ್ಳುವುವು. ಒಗ್ಗರಣೆಯ ಎಣ್ಣೆಯನ್ನೂ ತುಪ್ಪವನ್ನೂ ಎಂದಿಗೂ ಸುರಿಯಬಾರದು. ಅರೆಯುವಾಗ ತಣ್ಣೀರೇ ಇರಲಿ. ಬಿಸಿನೀರಿಗೆ ಕರಗಿದ ಜಿಡ್ಡು ಮುಂದೆ ಹೋಗಿ ಕೊಳವೆಯಲ್ಲಿ ಹೆಪ್ಪುಗಟ್ಟುತ್ತದೆ. ಸದ್ದು ಹಗುರಾದ ಮೇಲೂ ಅರ್ಧ ನಿಮಿಷ ನೀರು ಬಿಡುವುದು ಒಳ್ಳೆಯದು. ವಾಸನೆ ಹುಟ್ಟಿದರೆ ಕೆಲವು ಮಂಜುಗಡ್ಡೆಗಳೊಡನೆ ನಿಂಬೆಯ ಸಿಪ್ಪೆಯ ಸಣ್ಣ ಚೂರುಗಳನ್ನು ಹಾಕಿ ಅರೆಸಬಹುದು.

ಕೊನೆಯದಾಗಿ, ಅಲೆನ್ ಕೀಯನ್ನೂ ಇಕ್ಕಳವನ್ನೂ ಸಿಂಕಿನ ಕೆಳಗಿನ ಬಾಗಿಲ ಒಳಬದಿಗೆ ತೂಗುಹಾಕಿ, ಮನೆಯವರಿಗೆಲ್ಲ ತೋರಿಸಿಡಿರಿ. ಸಾಧನ ಎದುರಿಗೇ ಇದ್ದರೆ ಅವಸರದಲ್ಲಿ ಯಾರೂ ಕೈ ಹಾಕಲು ಹೋಗುವುದಿಲ್ಲ.